‘ಗುಂಪು ಬಿಟ್ಟರು’ ಅಂತ ಬಂದ ಮೇಲೆ: ಹಳೇ ಸಹಪಾಠಿಗಳ ಒಂದು ಪ್ರಕರಣ

ಇದು 19 ಜನರ ವಾಟ್ಸಾಪ್ ಗುಂಪಿನ ಕಥೆ. ಎಲ್ಲರೂ ಒಂದೇ ಬಿ.ಎಸ್ಸಿ. ತರಗತಿಯವರು, ಈಗ 76ರಿಂದ 79ರೊಳಗಿನ ವಯಸ್ಸು. ಡಿಗ್ರಿ ಮುಗಿದ ಮೇಲೆ ಯಾರು ಎಲ್ಲಿದ್ದಾರೆ ಅನ್ನೋದೇ ಎಷ್ಟೋ ವರ್ಷ ಒಬ್ಬರಿಗೊಬ್ಬರಿಗೆ ಗೊತ್ತಿರಲಿಲ್ಲ. ನೌಕರಿ, ವರ್ಗಾವಣೆ, ಮಕ್ಕಳ ಓದು, ಅಪ್ಪ ಅಮ್ಮನ ಕಾಯಿಲೆ, ಇದೆಲ್ಲ ಒಂದು ಹಂತಕ್ಕೆ ಬಂದು ಸ್ವಲ್ಪ ಪುರುಸೊತ್ತು ಸಿಕ್ಕಾಗ ಅವರಲ್ಲೊಬ್ಬರು, ನಿವೃತ್ತ ಮೇಷ್ಟ್ರು, ಒಂದೊಂದೇ ನಂಬರ್ ಹುಡುಕಿ ಎಲ್ಲರನ್ನೂ ಒಂದು ಕಡೆ ಸೇರಿಸಿದರು. ಗುಂಪಿಗೆ ಅಡ್ಮಿನ್ ಅವರೊಬ್ಬರೇ. ಯಾರ ಹುಟ್ಟಿದ ದಿನ ಯಾವಾಗ, ಯಾರಿಗೆ ಯಾವ ಆಪರೇಷನ್ ಆಗಿದೆ, ಯಾರ ಮಗ ಎಲ್ಲಿದ್ದಾನೆ, ಎಲ್ಲ ಅವರ ತಲೆಯಲ್ಲೇ ಇತ್ತು. ಬೇರೆಲ್ಲೂ ಬರೆದಿಟ್ಟಿರಲಿಲ್ಲ.

ನಾನು ಹಿರಿಯರಿಗೆ ಮೊಬೈಲ್ ಬಳಸೋದನ್ನು ಹೇಳಿಕೊಡುತ್ತೇನೆ. ಮೇಷ್ಟ್ರು ಕಣ್ಣಿನ ಪೊರೆ ತೆಗೆಸಿದ ಮೇಲೆ ಅವರ ಫೋನಿನ ಅಕ್ಷರ ದೊಡ್ಡದು ಮಾಡಿಕೊಡೋಕೆ ಹೋಗಿದ್ದೆ, ಆ ಮಾತು ಈ ಮಾತು ಆಡುತ್ತಾ ಗುಂಪಿನ ವಿಷಯ ಬಂತು. ಅವರೆಲ್ಲರ ಒಪ್ಪಿಗೆ ಪಡೆದೇ ಬರೆಯುತ್ತಿದ್ದೇನೆ, ಗುರುತು ಸಿಗುವ ವಿವರ ತೆಗೆದಿದ್ದೇನೆ. ಹೆಸರಿನ ಬದಲು ಮೇಷ್ಟ್ರು, ಇಂಜಿನಿಯರ್, ಲೈಬ್ರರಿ ಮೇಡಂ ಅಂತ ಅವರವರ ಹಳೇ ಕೆಲಸದಿಂದಲೇ ಕರೆಯುತ್ತೇನೆ.

ಏನಾಗಿತ್ತು

ಗುಂಪಿನಲ್ಲಿ ಒಂದು ಜಗಳ ಆಗಿತ್ತು. ರಾಜಕೀಯದ್ದೇ, ಇನ್ನೇನು. ಯಾರೋ ಒಂದು ವಿಡಿಯೊ ಫಾರ್ವರ್ಡ್ ಮಾಡಿದರು, ಇಂಜಿನಿಯರ್ ಅದು ಸುಳ್ಳು ಅಂತ ಬರೆದರು, ಮತ್ತೊಬ್ಬರು "ನೀನು ಕಾಲೇಜಿನಲ್ಲೂ ಹೀಗೇ ಇದ್ದೆ" ಅಂದರು. ಅಲ್ಲಿಂದ ಮಾತು ಎಲ್ಲೆಲ್ಲಿಗೋ ಹೋಯಿತು. ಮಾರನೇ ದಿನಕ್ಕೆ ಎಲ್ಲ ತಣ್ಣಗಾಯಿತು, ಆದರೆ ಇಂಜಿನಿಯರ್ ಮಾತ್ರ ಮತ್ತೆ ಬರೆಯಲಿಲ್ಲ. ಸಿಟ್ಟು ಬಂದಿರಬೇಕು, ತಾನಾಗೇ ಬರ್ತಾನೆ ಬಿಡು ಅಂತ ಎಲ್ಲರೂ ಸುಮ್ಮನಾದರು. ಕೆಲವು ತಿಂಗಳು ಕಳೆದ ಮೇಲೆ ಮೇಷ್ಟ್ರ ಫೋನಿನಲ್ಲಿ, ಅವರು ಗುಂಪು ಬಿಟ್ಟರು ಅನ್ನೋ ಸಾಲು ಕಾಣಿಸಿತು.

"ಅಷ್ಟು ಹಳೇ ಸ್ನೇಹ, ಒಂದು ವಿಡಿಯೊಗೋಸ್ಕರ ಎದ್ದು ಹೋದ ನೋಡಿ" ಅಂತ ಮೇಷ್ಟ್ರು ನನ್ನ ಹತ್ತಿರ ಹೇಳಿದರು. ಒಂದು ಫೋನ್ ಮಾಡಿದ್ರಾ ಸಾರ್ ಅಂತ ಕೇಳಿದೆ. "ಬಿಟ್ಟು ಹೋದವನು ಅವನು. ನಾನ್ಯಾಕೆ ಮಾಡಲಿ?"

ಅಸಲು ಸಂಗತಿಯೇ ಬೇರೆ. ಜಗಳವಾಗಿ ಎರಡು ವಾರದೊಳಗೆ ಇಂಜಿನಿಯರ್ ಅವರ ಹೆಂಡತಿ ತೀರಿಕೊಂಡಿದ್ದರು. ಮಗಳು ಅಪ್ಪನನ್ನು ತಮ್ಮ ಊರಿಗೆ ಕರೆದುಕೊಂಡು ಹೋದರು. ಆ ಗಡಿಬಿಡಿಯಲ್ಲಿ ಹಳೇ ಫೋನ್ ಕೆಟ್ಟಿತು. ಹೊಸ ಫೋನ್ ಬಂತು, ಹೊಸ ನಂಬರ್ ಬಂತು, ಹಳೇ ಸಿಮ್ಮಿಗೆ ರೀಚಾರ್ಜ್ ಮಾಡಿಸೋರು ಯಾರೂ ಇರಲಿಲ್ಲ. ವಾಟ್ಸಾಪ್ ಅಕೌಂಟ್ 120 ದಿನ ಬಳಕೆಯಾಗದೆ ಬಿದ್ದಿದ್ದರೆ ಸಾಮಾನ್ಯವಾಗಿ ಕಂಪನಿಯೇ ಅದನ್ನು ಅಳಿಸಿಹಾಕುತ್ತದೆ, ಆಗ ಆ ನಂಬರ್ ತಾನಿದ್ದ ಗುಂಪುಗಳಿಂದಲೂ ಹೊರಬೀಳುತ್ತದೆ. ಸಿಟ್ಟು ಮಾಡಿಕೊಂಡು ಎದ್ದುಹೋದವರೋ, ಸಿಮ್ ಸತ್ತುಹೋದವರೋ, ನೋಡುವವರಿಗೆ ವ್ಯತ್ಯಾಸ ತಿಳಿಯೋದಿಲ್ಲ. ಆ್ಯಪ್‌ನಲ್ಲೇ ನಂಬರ್ ಬದಲಿಸುವ ಒಂದು ಆಯ್ಕೆ ಇದೆ. ಅದರ ಮೂಲಕ ಹೊಸ ನಂಬರಿಗೆ ಹೋದರೆ ಗುಂಪುಗಳೂ ಜೊತೆಗೇ ಬರುತ್ತವೆ, ಗುಂಪಿನವರಿಗೂ ಸುದ್ದಿ ಹೋಗುತ್ತದೆ. ಹೆಂಡತಿ ಹೋದ ವಾರದಲ್ಲಿ ಇದೆಲ್ಲ ಯಾರಿಗೆ ನೆನಪಾಗಬೇಕು?

ಆ ಕಡೆ ಇಂಜಿನಿಯರ್ ಅವರ ಹೊಸ ಫೋನಿನಲ್ಲಿ ಹಳಬರ ಒಂದು ನಂಬರೂ ಇರಲಿಲ್ಲ. ಇದ್ದಿದ್ದರೂ ಅವರು ಫೋನ್ ಮಾಡುತ್ತಿದ್ದರು ಅಂತ ನನಗೇನೂ ಅನ್ನಿಸೋದಿಲ್ಲ. "ಹೆಂಡತಿ ಹೋದರೂ ಒಬ್ಬನೂ ಕೇಳಲಿಲ್ಲ. ಆ ಜಗಳ ಇಷ್ಟು ದೊಡ್ಡದಾಯ್ತಾ ಅಂದುಕೊಂಡೆ" ಅಂತ ಆಮೇಲೆ ಹೇಳಿದರು. ಅಂದರೆ ಜಗಳ ಎರಡೂ ಕಡೆ ಯಾವಾಗಲೋ ಮುಗಿದಿತ್ತು. ಎದುರಿನವರ ಮನಸ್ಸಿನಲ್ಲಿ ಇನ್ನೂ ಇದೆ ಅಂತ ಇವರೂ ಅಂದುಕೊಂಡಿದ್ದರು, ಅವರೂ ಅಂದುಕೊಂಡಿದ್ದರು.

ಒಂದು ಫೋನ್ ಮಾಡೋಕೆ ಇಷ್ಟು ಕಷ್ಟವಾ

ಕಷ್ಟವೇ. ಇದು ಬರೀ ಮೇಷ್ಟ್ರ ಹಟ ಅಲ್ಲ. ಲಾರಾ ಅಕ್ನಿನ್ ಮತ್ತು ಜಿಲಿಯನ್ ಸ್ಯಾಂಡ್‌ಸ್ಟ್ರಾಮ್ ಅನ್ನೋ ಮನಶ್ಶಾಸ್ತ್ರಜ್ಞರು 2024ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ಸಂಪರ್ಕ ತಪ್ಪಿದ ಸ್ನೇಹಿತರಿಗೆ ಒಂದು ಸಂದೇಶ ಬರೆಯೋಕೆ ಜನರಿಗೆ ಸಮಯ ಕೊಟ್ಟರು. ಬರೆಯುವವರಿಗೆ ಆ ಸ್ನೇಹಿತ ಮತ್ತೆ ಸಿಗಲಿ ಅಂತ ಆಸೆ ಇತ್ತು, ಸಂಪರ್ಕಿಸುವ ದಾರಿ ಗೊತ್ತಿತ್ತು, ಅವರಿಗೂ ಖುಷಿಯಾಗುತ್ತೆ ಅನ್ನೋ ನಂಬಿಕೆ ಇತ್ತು. ಆದರೂ ಕಳಿಸಿದವರು ಮೂರನೇ ಒಂದು ಪಾಲಿಗಿಂತ ಕಮ್ಮಿ. ಹಳೇ ಸ್ನೇಹಿತರನ್ನು ಮಾತಾಡಿಸೋಕೆ ಜನ ಅಪರಿಚಿತರನ್ನು ಮಾತಾಡಿಸುವಷ್ಟೇ ಹಿಂಜರಿಯುತ್ತಾರೆ ಅನ್ನೋದು ಅವರಿಗೆ ಕಂಡದ್ದು. ಇನ್ನು 2022ರಲ್ಲಿ ಪೆಗ್ಗಿ ಲಿಯು ಅನ್ನೋ ಸಂಶೋಧಕಿ ಮತ್ತು ಸಂಗಡಿಗರು ತೋರಿಸಿದ್ದು ಇದರ ಇನ್ನೊಂದು ಮುಖ: ಹೀಗೆ ನೆನಪಿಟ್ಟುಕೊಂಡು ಮಾತಾಡಿಸಿದರೆ ಎದುರಿನವರಿಗೆ ಆಗುವ ಸಂತೋಷ ನಾವು ಅಂದಾಜು ಮಾಡುವುದಕ್ಕಿಂತ ಜಾಸ್ತಿ. ಅನಿರೀಕ್ಷಿತವಾಗಿದ್ದಷ್ಟೂ ಜಾಸ್ತಿ. ಮೇಷ್ಟ್ರಿಗೆ ಇದನ್ನು ಹೇಳಿದಾಗ "ಇದಕ್ಕೂ ಸಂಶೋಧನೆ ಮಾಡ್ತಾರೇನ್ರೀ" ಅಂತ ನಕ್ಕರು.

ಆದರೆ ಈ ವಯಸ್ಸಿಗೇ ಸೇರಿದ ಇನ್ನೊಂದು ಕಾರಣ ಇದೆ. ಅದನ್ನು ಗುಂಪಿನ ಬೇರೊಬ್ಬರು ನೇರವಾಗಿ ಹೇಳಿದರು. ಬಹಳ ದಿನದಿಂದ ಸುದ್ದಿ ಇಲ್ಲದವರಿಗೆ ಫೋನ್ ಮಾಡೋಕೆ ಅವರಿಗೆ ಕೈ ನಡುಗುತ್ತಂತೆ. ಎತ್ತೋದು ಅವನೇ ಆಗಿರಬೇಕಲ್ಲ, ಅವನ ಮಗ ಎತ್ತಿ "ಅಂಕಲ್, ನಿಮಗೆ ಗೊತ್ತಾಗಲಿಲ್ವಾ" ಅಂದರೆ? ಮೆಸೇಜ್‌ನಲ್ಲಾದರೆ ಈ ಭಯ ಇಲ್ಲ, ನೀಲಿ ಗೆರೆ ಬರದಿದ್ದರೂ ಬ್ಯುಸಿ ಇರಬಹುದು ಅಂದುಕೊಂಡು ಕೂತಿರಬಹುದು. 40ರಲ್ಲಿ ಸಂಪರ್ಕ ತಪ್ಪೋದಕ್ಕೆ ಕಾರಣ ಸೋಮಾರಿತನ ಇರಬಹುದು. 78ರಲ್ಲಿ ಮಾತ್ರ ಎಷ್ಟೋ ಸಲ ಅದು ಹೆದರಿಕೆ. ಇದು ಗೊತ್ತಿಲ್ಲದ ಮಕ್ಕಳು "ಒಂದು ಫೋನ್ ಮಾಡಪ್ಪಾ, ಅದಕ್ಯಾಕೆ ಇಷ್ಟು ಯೋಚನೆ" ಅಂತ ರೇಗುತ್ತಾರೆ.

ಕೊನೆಗೆ ಇಂಜಿನಿಯರ್ ಅವರನ್ನು ಪತ್ತೆ ಮಾಡಿದ್ದು ಲೈಬ್ರರಿ ಮೇಡಂ. ಗುಂಪಿನಲ್ಲಿ ಅವರು ಒಂದು ಸಾಲು ಬರೆದದ್ದನ್ನೂ ಯಾರೂ ನೋಡಿರಲಿಲ್ಲ, ಬಂದದ್ದನ್ನೆಲ್ಲ ಓದುತ್ತಿದ್ದರು, ಅಷ್ಟೇ. ಆದರೆ ಇಂಜಿನಿಯರ್ ಅವರ ಹೆಂಡತಿ ಜೊತೆ ವರ್ಷಕ್ಕೊಂದು ಸಲ ಕೈಬರಹದ ಪತ್ರ ಹೋಗಿಬರುತ್ತಿತ್ತು. ಆ ವರ್ಷ ಪತ್ರಕ್ಕೆ ಉತ್ತರ ಬಂದಿರಲಿಲ್ಲ. ಹಿಂದಿನ ವರ್ಷದ ಪತ್ರದಲ್ಲಿ ಮಗಳ ಮನೆ ವಿಳಾಸ ಇತ್ತು, ಆ ವಿಳಾಸಕ್ಕೆ ನಾಲ್ಕು ಸಾಲು ಬರೆದು ಹಾಕಿದರು. ಮಗಳೇ ಫೋನ್ ಮಾಡಿದರು. ಇಷ್ಟೇ ಪತ್ತೇದಾರಿ. ಗುಂಪು ಯಾರ ಮೇಲೆ ನಿಂತಿದೆ ಅಂತ ಕೇಳಿದರೆ ಎಲ್ಲರೂ ಮೇಷ್ಟ್ರ ಕಡೆ ಕೈ ತೋರಿಸುತ್ತಾರೆ, ನಾನು ಮಾತ್ರ ಮೇಡಂ ಹೆಸರನ್ನೂ ಸೇರಿಸುತ್ತೇನೆ.

ಮೊದಲ ಕರೆ ಕೆಟ್ಟಿತು

ಸುದ್ದಿ ತಿಳಿದ ಕೂಡಲೇ ಉತ್ಸಾಹದಲ್ಲಿ ಗ್ರೂಪ್ ವಿಡಿಯೊ ಕಾಲ್ ಇಟ್ಟರು. ಒಂಬತ್ತು ಜನ ಸೇರಿದರು. ಒಬ್ಬರ ಕ್ಯಾಮೆರಾ ಫ್ಯಾನಿನ ಕಡೆ, ಇನ್ನೊಬ್ಬರದ್ದು ಬರೀ ಹಣೆ, ಎಲ್ಲರೂ ಒಟ್ಟಿಗೆ ಮಾತು. ಮೇಷ್ಟ್ರು "ಲೋ, ಬದುಕಿದ್ದೀಯೇನೋ!" ಅಂತ ಶುರು ಮಾಡಿದರು, ಅದಕ್ಕೆ ಇಂಜಿನಿಯರ್ ನಕ್ಕರು. ಆಮೇಲೆ ಅವರು ಹೇಳಿದ್ದೆಲ್ಲ "ಹ್ಞೂಂ", "ಆಯ್ತು", "ಸರಿ ಸರಿ". ಸ್ವಲ್ಪ ಹೊತ್ತಿಗೆ ಸುಸ್ತು ಅಂತ ಫೋನ್ ಮಗಳ ಕೈಗೆ ಕೊಟ್ಟರು. ಇನ್ನೂ ಬೇಜಾರಿದೆ ಅಂತ ಇವರು, ಅಪ್ಪನಿಗೆ ಇಷ್ಟವಿಲ್ಲ ಅಂತ ಮಗಳು.

ಬೇಜಾರೂ ಇಲ್ಲ, ಏನೂ ಇಲ್ಲ. ಅವರಿಗೆ ಮಾತು ತಿಳಿಯುತ್ತಿರಲಿಲ್ಲ, ಅಷ್ಟೇ. ವಿಶ್ವ ಆರೋಗ್ಯ ಸಂಸ್ಥೆ ಹೇಳುವ ಪ್ರಕಾರ 60 ದಾಟಿದವರಲ್ಲಿ ಶೇ. 65ಕ್ಕಿಂತ ಹೆಚ್ಚು ಜನರಿಗೆ ಒಂದಲ್ಲ ಒಂದು ಮಟ್ಟದಲ್ಲಿ ಕಿವಿ ಮಂದವಾಗಿರುತ್ತದೆ. ವಯಸ್ಸಿನಿಂದ ಬರುವ ಕಿವುಡಿನಲ್ಲಿ ಮೊದಲು ಹೋಗೋದು ಮೇಲಿನ ಸ್ಥಾಯಿಯ ಸದ್ದು. ಸ್ವರಗಳು ಕೇಳುತ್ತವೆ, ವ್ಯಂಜನಗಳು ಜಾರುತ್ತವೆ. ಸಾಲು, ಹಾಲು, ಕಾಲು ಎಲ್ಲ ಒಂದೇ ಥರ. ಅದಕ್ಕೇ ಇವರೆಲ್ಲ ದೂರೋದು "ಕೇಳ್ಸುತ್ತೆ, ಏನು ಅಂತ ಗೊತ್ತಾಗಲ್ಲ" ಅಂತಲೇ. ಇದರ ಜೊತೆಗೆ ಹಳೇ ಟೆಲಿಫೋನ್ ವ್ಯವಸ್ಥೆ ಸಾಗಿಸೋದು ಸುಮಾರು 300ರಿಂದ 3,400 ಹರ್ಟ್ಸ್‌ವರೆಗಿನ ಸದ್ದನ್ನು ಮಾತ್ರ. ‘ಸ’ಕಾರದ ಹೆಚ್ಚಿನ ಭಾಗ ಅದಕ್ಕಿಂತ ಮೇಲಿರುತ್ತದೆ, ಹಾಗಾಗಿ ಕಿವಿ ತಲುಪುವ ಮೊದಲೇ ಫೋನ್ ಅದನ್ನು ಕತ್ತರಿಸಿರುತ್ತದೆ. ಇಂಟರ್ನೆಟ್ ಕರೆಯಲ್ಲಿ ಈ ಮಿತಿ ಸಾಮಾನ್ಯವಾಗಿ ಇಷ್ಟಿಲ್ಲ. ಆದರೆ ಒಂಬತ್ತು ಜನ ಒಟ್ಟಿಗೆ ಮಾತಾಡಿದರೆ ಅದೂ ಉಪಯೋಗಕ್ಕೆ ಬರೋದಿಲ್ಲ.

ಕೂಗಿ ಮಾತಾಡೋದರಿಂದಲೂ ಪ್ರಯೋಜನ ಇಲ್ಲ. ಕೂಗಿದರೆ ಸ್ವರ ಜೋರಾಗುತ್ತದೆ, ವ್ಯಂಜನ ಸ್ಪಷ್ಟವಾಗೋದಿಲ್ಲ. ಕೇಳುವವರಿಗೆ ಬೈದ ಹಾಗೆ ಬೇರೆ ಅನ್ನಿಸುತ್ತದೆ. ನಾವು ಮಾಡಿದ್ದು ಇಷ್ಟು: ಒಂದು ಕರೆಗೆ ಒಬ್ಬರೇ, ವಿಡಿಯೊದಲ್ಲೇ, ಮುಖಕ್ಕೆ ಎದುರಿನಿಂದ ಬೆಳಕು ಬೀಳುವಂತೆ ಕೂತು, ಕೂಗದೆ, ನಿಧಾನಕ್ಕೆ. ತುಟಿ ಕಂಡರೆ ಅರ್ಧ ಕೆಲಸ ಆಯಿತು. ವಾರಕ್ಕೆ ಎರಡು ದಿನ, ಗೊತ್ತಾದ ಹೊತ್ತಿಗೆ. ಹೊತ್ತು ಗೊತ್ತುಮಾಡಿದ್ದಕ್ಕೆ ಒಂದು ಕಾರಣವಿದೆ. ಇಂಜಿನಿಯರ್ ಹತ್ತಿರ ಶ್ರವಣ ಯಂತ್ರ ಇತ್ತು, ಆದರೆ ಡಬ್ಬಿಯಲ್ಲೇ ಇರುತ್ತಿತ್ತು. ಯಾರೂ ಮಾತಾಡಿಸದ ದಿನ ಅದನ್ನು ಯಾಕೆ ಹಾಕಿಕೊಳ್ಳಬೇಕು ಅನ್ನೋದು ಅವರ ವಾದ. ಮೇಷ್ಟ್ರು ಇಷ್ಟು ಗಂಟೆಗೆ ಬರುತ್ತಾರೆ ಅಂತ ಗೊತ್ತಾದ ಮೇಲೆ ಚಾರ್ಜ್ ಮಾಡಿ, ಹಾಕಿಕೊಂಡು, ಹತ್ತು ನಿಮಿಷ ಮೊದಲೇ ಕೂರೋಕೆ ಶುರು ಮಾಡಿದರು.

ಈ ಜೋಡಿ ಕರೆ ಹೇಗೆ ನಡೆಯಿತು ಅನ್ನೋದನ್ನು ಸ್ವಲ್ಪ ಹೇಳಲೇಬೇಕು. ಮೊದಮೊದಲು ಬರೀ ಕಾಲೇಜಿನ ಮಾತು. ಲ್ಯಾಬಿನಲ್ಲಿ ಬೀಕರ್ ಒಡೆದದ್ದು, ಹಾಜರಿ ಪುಸ್ತಕದಲ್ಲಿ ಒಬ್ಬರಿಗೊಬ್ಬರು ಪ್ರಾಕ್ಸಿ ಹಾಕಿದ್ದು. ಎಲ್ಲರ ರೋಲ್ ನಂಬರೂ ಇವರಿಗೆ ಬಾಯಿಪಾಠ. ಇದರಲ್ಲಿ ಆಶ್ಚರ್ಯವಿಲ್ಲ, ನಡುವಯಸ್ಸು ದಾಟಿದವರನ್ನು ಬದುಕಿನ ನೆನಪು ಹೇಳಿ ಅಂದರೆ ಹತ್ತರಿಂದ ಮೂವತ್ತರ ವಯಸ್ಸಿನ ನೆನಪುಗಳೇ ಜಾಸ್ತಿ ಬರುತ್ತವೆ ಅಂತ ಮನಶ್ಶಾಸ್ತ್ರಜ್ಞರು ಬಹಳ ಹಿಂದೆಯೇ ಗುರುತಿಸಿದ್ದಾರೆ. ಆದರೆ ಈ ಸರಕು ಬೇಗ ಖಾಲಿಯಾಗುತ್ತದೆ. ಕೆಲವೇ ಕರೆಗಳಲ್ಲಿ ಅದೇ ಬೀಕರ್ ಮತ್ತೆ ಒಡೆಯಿತು, ಇಬ್ಬರಿಗೂ ಹೇಳೋಕೆ ಏನೂ ಇಲ್ಲ. ನನ್ನ ಅನುಭವದಲ್ಲಿ ಹಳೇ ಸ್ನೇಹದ ಎಷ್ಟೋ ಮರುಜೋಡಣೆ ಮುರಿದುಬೀಳೋದು ಇಲ್ಲೇ. ಎಲ್ಲರೂ ನೆನಪು ನೆನಪು ಅಂತಾರೆ. ನೆನಪು ಬಾಗಿಲು ತೆಗೆಯುತ್ತದೆ ಹೊರತು ಒಳಗೆ ಕೂರಿಸಿಕೊಳ್ಳೋದಿಲ್ಲ.

ಇವರನ್ನು ಕಾಪಾಡಿದ್ದು ಪದಬಂಧ. ಇಬ್ಬರ ಮನೆಗೂ ಒಂದೇ ಪತ್ರಿಕೆ ಬರುತ್ತಿತ್ತು. ಮೇಷ್ಟ್ರು ಸುಳಿವು ಓದೋದು, ಇಂಜಿನಿಯರ್ ಉತ್ತರ ಹೇಳೋದು. ಒಂದು ದಿನ ನಾನೂ ಪಕ್ಕದಲ್ಲಿದ್ದೆ. "ಎಡದಿಂದ ಬಲಕ್ಕೆ, ಮೂರಕ್ಷರ, ನೀರಿಲ್ಲದ ನೆಲ" ಅಂತ ಇವರು ಓದಿದರು. ಅವರಿಗೆ ‘ನೀರಿಲ್ಲದ’ ಅನ್ನೋದು ‘ಮೀನಿಲ್ಲದ’ ಅಂತ ಕೇಳಿಸಿ, "ಮೀನಿಲ್ಲದ ನೆಲ ಅಂದ್ರೆ ಎಲ್ಲಾ ನೆಲಾನೂ ಅದೇ ಅಲ್ವೇನೋ" ಅಂತ ಗಂಭೀರವಾಗಿ ವಾದಕ್ಕೆ ನಿಂತರು. ಆ ವಾದ ಎಲ್ಲಿಗೆ ಹೋಯಿತು ಅಂದರೆ, ಪದಬಂಧ ಬಿಟ್ಟು ಇಬ್ಬರೂ ತಂತಮ್ಮ ಕಿವಿ, ಕಣ್ಣು, ಮಂಡಿ, ರಾತ್ರಿ ನಿದ್ದೆ ಬಾರದೆ ಹೊರಳಾಡೋದು, ಎಲ್ಲ ಮಾತಾಡಿದರು. ಹೆಂಡತಿಯ ಕೊನೆಯ ದಿನಗಳ ಬಗ್ಗೆ ಇಂಜಿನಿಯರ್ ಬಾಯಿಬಿಟ್ಟದ್ದು ಅವತ್ತೇ. "ಈಗ ನನ್ನನ್ನ ಹೋಗೋ ಬಾರೋ ಅನ್ನೋರು ನೀವಷ್ಟೇ ಕಣೋ, ಬೇರೆ ಎಲ್ಲರೂ ನೀವು, ತಾವು ಅಂತಾರೆ" ಅಂದರು.

ಗುಂಪಿನಲ್ಲಿ ಏನು ಬದಲಾಯಿತು

ಮೊದಲನೆಯದು ಪಟ್ಟಿ. ಮೇಷ್ಟ್ರ ತಲೆಯಲ್ಲಿದ್ದದ್ದನ್ನೆಲ್ಲ ಲೈಬ್ರರಿ ಮೇಡಂ ಕಾರ್ಡಿಗೆ ಇಳಿಸಿದರು, ಒಬ್ಬರಿಗೆ ಒಂದು ಕಾರ್ಡ್. ಹೆಸರು, ನಂಬರ್, ವಿಳಾಸ, ಮನೆಯವರ ಪೈಕಿ ಇಬ್ಬರ ನಂಬರ್, ಕರೆ ಮಾಡೋಕೆ ಒಳ್ಳೇ ಹೊತ್ತು, ಯಾವ ಕಿವಿ ಚೆನ್ನಾಗಿ ಕೇಳುತ್ತೆ. ಕೊನೆಯದನ್ನು ಓದಿ ಎಲ್ಲರೂ ನಕ್ಕರು, ಆದರೆ ತುಂಬಿಸಿಕೊಟ್ಟರು. ಪಟ್ಟಿಯ ನಕಲು ಮೂವರ ಹತ್ತಿರ ಇದೆ, ಅದರಲ್ಲಿ ಒಬ್ಬರು ಗುಂಪಿನವರಲ್ಲ, ಮೇಡಂ ಮಗಳು. ಅಡ್ಮಿನ್‌ಗಳೂ ಈಗ ಮೂವರು. ಒಬ್ಬರೇ ಅಡ್ಮಿನ್ ಇದ್ದು ಅವರು ಹೊರಗೆ ಬಿದ್ದರೆ ವಾಟ್ಸಾಪ್ ತಾನೇ ಯಾರನ್ನೋ ಅಡ್ಮಿನ್ ಮಾಡುತ್ತದೆ ಅನ್ನೋದು ನಿಜ, ಆದರೆ ಹಾಗೆ ಆದವರಿಗೆ ಮೆಂಬರ್ ಸೇರಿಸೋದು ಹೇಗೆ ಅಂತಲೂ ಗೊತ್ತಿರದಿದ್ದರೆ ಏನು ಲಾಭ?

ಎರಡನೆಯದು ಶುಭೋದಯ. ಬೆಳಗ್ಗೆ ಬೆಳಗ್ಗೆ ಹೂವಿನ ಚಿತ್ರ ಕಳಿಸೋರನ್ನು ಮಕ್ಕಳು ಮೊಮ್ಮಕ್ಕಳು ಗೇಲಿ ಮಾಡುತ್ತಾರೆ. ನಾನು ಮಾಡೋದಿಲ್ಲ. ಈ ವಯಸ್ಸಿನಲ್ಲಿ ಅದು ಹಾಜರಿ. ತೊಂದರೆ ಏನಂದರೆ ಎಲ್ಲರೂ ಹಾಜರಿ ಹಾಕುತ್ತಿದ್ದರು, ಯಾರು ಹಾಕಲಿಲ್ಲ ಅಂತ ನೋಡುವವರು ಇರಲಿಲ್ಲ. ಈಗ ಇಬ್ಬಿಬ್ಬರು ಜೋಡಿ. ತನ್ನ ಜೋಡಿ ಮೂರು ದಿನ ಕಾಣಿಸದಿದ್ದರೆ ಫೋನ್ ಮಾಡಬೇಕು, ಮೆಸೇಜ್ ಅಲ್ಲ. ಎತ್ತದಿದ್ದರೆ ಮನೆಯವರಿಗೆ. ಹೀಗೆ ಕೆಲಸ ಅಂತ ಹಂಚಿಕೊಟ್ಟ ಮೇಲೆ ಆ ಹೆದರಿಕೆ ಸ್ವಲ್ಪ ಕಮ್ಮಿಯಾಯಿತು, ಯಾಕಂದರೆ ಮಾಡಲೋ ಬೇಡವೋ ಅನ್ನೋ ಪ್ರಶ್ನೆಯೇ ಉಳಿಯಲಿಲ್ಲ. ದುಡ್ಡು ಕೇಳಿ ಯಾರ ಹೆಸರಿನಲ್ಲಿ ಮೆಸೇಜ್ ಬಂದರೂ ದನಿ ಕೇಳದೆ ಕಳಿಸಬಾರದು ಅಂತಲೂ ಆಯಿತು. ಅಕೌಂಟ್ ಕದ್ದು ಸ್ನೇಹಿತರ ಹತ್ತಿರ ಹಣ ಕೇಳೋದು ಈಗ ಮಾಮೂಲು.

ಸಾವಿನ ವಿಷಯ ಮಾತಾಡೋದು ಕಷ್ಟವಾಯಿತು, ಆದರೆ ಮಾತಾಡಿದರು. ಒಬ್ಬರು ತೀರಿಕೊಂಡ ಮೇಲೂ ಅವರ ನಂಬರ್ ಗುಂಪಿನಲ್ಲೇ ಇತ್ತು, ಅವರ ಹೆಂಡತಿ ಆ ಫೋನ್ ಬಳಸುತ್ತಿದ್ದರು. ಅವರು ಶುಭೋದಯ ಕಳಿಸಿದಾಗ ಮೇಲೆ ಕಾಣೋದು ಸತ್ತವರ ಹೆಸರು. ಮರೆವು ಶುರುವಾಗಿದ್ದ ಒಬ್ಬರು ಅದನ್ನು ನೋಡಿ, ಅವನು ಚೆನ್ನಾಗಿದ್ದಾನಲ್ಲ, ಯಾಕೆ ಸುಳ್ಳು ಹೇಳಿದಿರಿ ಅಂತ ತಮ್ಮ ಹೆಂಡತಿಯ ಮೇಲೆ ಸಿಟ್ಟಾದರಂತೆ. ಆ ನಂಬರ್ ತೆಗೆದುಬಿಡಿ ಅಂತ ಕೆಲವರು ಅಂದರು. ಕೇಳದೆ ತೆಗೆಯೋದು ಬೇಡ ಅಂದೆ. ಮೇಡಂ ಫೋನ್ ಮಾಡಿ ಕೇಳಿದರು. "ನನಗೆ ಅವರ ಜನ ಅಂತ ಇರೋದು ನೀವೇ, ಇರ್ತೀನಿ" ಅಂದರು ಆಕೆ. ಸರಿ, ಅವರ ಪ್ರೊಫೈಲ್ ಹೆಸರು ಬದಲಿಸಿದೆವು. ಅದರಿಂದ ಏನೂ ಆಗಲಿಲ್ಲ, ಯಾಕಂದರೆ ಫೋನ್ ತೋರಿಸೋದು ನಾವು ಸೇವ್ ಮಾಡಿಕೊಂಡ ಹೆಸರನ್ನು. ಕೊನೆಗೆ ಪ್ರತಿಯೊಬ್ಬರೂ ತಂತಮ್ಮ ಫೋನಿನಲ್ಲಿ ಆ ಹೆಸರು ಅಳಿಸಿ ಆಕೆಯ ಹೆಸರು ಬರೆಯಬೇಕಾಯಿತು. ತಾಂತ್ರಿಕವಾಗಿ ಒಂದು ನಿಮಿಷದ ಕೆಲಸ. ಇಬ್ಬರು ಇವತ್ತಿಗೂ ಮಾಡಿಲ್ಲ, ನಾನೂ ಒತ್ತಾಯ ಮಾಡಿಲ್ಲ.

ಸಾವಿನ ಸುದ್ದಿ ಬಂದರೆ ಮೊದಲು ಅವರಿಗೆ ತೀರಾ ಹತ್ತಿರದ ಇಬ್ಬರಿಗೆ ಫೋನ್, ಆಮೇಲೆ ಗುಂಪಿಗೆ ಅಂತಲೂ ಮಾಡಿಕೊಂಡರು. ರೂಮ್‌ಮೇಟ್ ಹೋದದ್ದನ್ನು ಯಾರೂ ಶುಭೋದಯಗಳ ಮಧ್ಯೆ ಓದಬಾರದು.

ಎಲ್ಲರೂ ಇದಕ್ಕೆ ಒಪ್ಪಿದರು ಅಂತಲ್ಲ. ಒಬ್ಬರು ನಿಜವಾಗಲೂ ಹೊರಗೆ ಹೋದರು. "ಚೆನ್ನಾಗಿದ್ದೀನಿ, ಯಾರ ಮೇಲೂ ಬೇಜಾರಿಲ್ಲ, ಆದರೆ ನನ್ನನ್ನ ಬಿಟ್ಟುಬಿಡ್ರಪ್ಪ" ಅಂದರು. ಮೇಷ್ಟ್ರು ಅವರನ್ನು ವಾಪಸ್ ಎಳೆದು ತರಬೇಕು ಅಂತ ಹಟ ಹಿಡಿದಿದ್ದರು. ಲಾರಾ ಕಾರ್ಸ್ಟೆನ್ಸೆನ್ ಅನ್ನೋ ಮನಶ್ಶಾಸ್ತ್ರಜ್ಞೆ ಬಹಳ ವರ್ಷ ಇದನ್ನೇ ಅಭ್ಯಾಸ ಮಾಡಿದವರು. ಉಳಿದ ಕಾಲ ಕಮ್ಮಿ ಅನ್ನಿಸಿದಾಗ ಜನ ಬೇಕಂತಲೇ ಬಳಗವನ್ನು ಚಿಕ್ಕದು ಮಾಡಿಕೊಳ್ಳುತ್ತಾರೆ, ಮನಸ್ಸಿಗೆ ಹತ್ತಿರದ ಕೆಲವರನ್ನು ಮಾತ್ರ ಉಳಿಸಿಕೊಳ್ಳುತ್ತಾರೆ, ಅದು ಒಂಟಿತನದ ಲಕ್ಷಣವೇ ಆಗಬೇಕಿಲ್ಲ ಅಂತ ಅವರ ಸಿದ್ಧಾಂತ. ಇವರ ವಿಷಯದಲ್ಲೂ ಹಾಗೇ ಇತ್ತು, ಗುಂಪಿನ ಒಬ್ಬರ ಜೊತೆ ಮಾತ್ರ ಅವರು ತಪ್ಪದೆ ಮಾತಾಡುತ್ತಾರೆ. ಅವರ ಕಾರ್ಡ್ ತೆಗೆದಿಲ್ಲ, ‘ಇವರ ಮೂಲಕ’ ಅಂತ ಆ ಒಬ್ಬರ ಹೆಸರು ಬರೆದಿದ್ದೇವೆ. ಸುದ್ದಿ ಇಲ್ಲದವರೆಲ್ಲ ಕಳೆದುಹೋದವರಲ್ಲ. ಯಾರು ಹೇಗೆ ಅಂತ ತಿಳಿಯೋಕೆ ಒಂದು ಸಲ ಕೇಳಬೇಕು, ಅಷ್ಟೇ.

ಈಗ

ಇಂಜಿನಿಯರ್ ಗುಂಪಿಗೆ ವಾಪಸ್ ಬಂದಿದ್ದಾರೆ, ಆದರೆ ಅಲ್ಲಿ ಬರೆಯೋದು ಕಮ್ಮಿ. ಮೇಷ್ಟ್ರ ಜೊತೆ ಪದಬಂಧ ನಡೆದಿದೆ. ಅವತ್ತಿನ ವಿಡಿಯೊ ಜಗಳದ ಎದುರಾಳಿ ಜೊತೆಗೂ ಮಾತಾಡುತ್ತಾರೆ, ರಾಜಕೀಯ ಬಿಟ್ಟು. ಗ್ರೂಪ್ ವಿಡಿಯೊ ಕಾಲ್ ತಿಂಗಳಿಗೊಂದು ಉಳಿಸಿಕೊಂಡಿದ್ದಾರೆ, ಈಗ ಝೂಮ್‌ನಲ್ಲಿ ಮಾಡುತ್ತಾರೆ. ಉಚಿತ ಖಾತೆಯಲ್ಲಿ ಅದು 40 ನಿಮಿಷಕ್ಕೆ ತಾನೇ ನಿಲ್ಲುತ್ತದೆ, ನನಗೆ ಕೇಳಿದರೆ ಅದು ಒಳ್ಳೇದೇ. ರೋಲ್ ನಂಬರ್ ಪ್ರಕಾರ ಒಬ್ಬೊಬ್ಬರೇ ಮಾತು, ಉಳಿದವರ ಮೈಕ್ ಬಂದ್.

ಒಂದು ತೊಂದರೆ ಮಾತ್ರ ಹಾಗೇ ಇದೆ. ಇಲ್ಲಿ ನೋಡಿಕೊಳ್ಳುವವರಿಗೂ ನೋಡಿಸಿಕೊಳ್ಳುವವರಿಗೂ ಒಂದೇ ವಯಸ್ಸು. ಜೋಡಿಗಳಲ್ಲಿ ಒಂದರಲ್ಲಿ ಈಗ ಇಬ್ಬರಿಗೂ ಮರೆವು ಇದೆ, ಯಾರು ಯಾರನ್ನು ವಿಚಾರಿಸಬೇಕಿತ್ತು ಅನ್ನೋದು ಇಬ್ಬರಿಗೂ ನೆನಪಿರೋದಿಲ್ಲ. ಆ ಎರಡು ಕಾರ್ಡನ್ನು ಸದ್ಯಕ್ಕೆ ಮೇಡಂ ಮಗಳು ನೋಡಿಕೊಳ್ಳುತ್ತಿದ್ದಾರೆ. ಮಕ್ಕಳ ಪೈಕಿ ಇನ್ನಿಬ್ಬರನ್ನು ಸೇರಿಸಿಕೊಳ್ಳೋಣ ಅಂತ ಮೇಡಂ ಹೇಳುತ್ತಾರೆ, ಮಕ್ಕಳು ಬಂದರೆ ನಮ್ಮ ಬೈಗುಳಕ್ಕೆಲ್ಲ ಅವರ ಮುಂದೆ ಲೆಕ್ಕ ಕೊಡಬೇಕಾಗುತ್ತೆ ಅಂತ ಮೇಷ್ಟ್ರು ಬೇಡ ಅನ್ನುತ್ತಾರೆ. ಮುಂದಿನ ತಿಂಗಳ ಕರೆಯಲ್ಲಿ ವೋಟಿಗೆ ಹಾಕುತ್ತಾರಂತೆ.